ಇಎಸ್‌ಆರ್ ಇಳಿದಾಗ ಸಂತೋಷಪಡದ ವೈದ್ಯರು: ಒಂದು ಮಕ್ಕಳ ಆಸ್ಪತ್ರೆಯ ಬಗ್ಗೆ

ಬೆಂಗಳೂರಿನ ಒಂದು ಖಾಸಗಿ ಮಕ್ಕಳ ಆಸ್ಪತ್ರೆಯ ಬಗ್ಗೆ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರು ಹಾಕಿಲ್ಲ. ಅಲ್ಲಿನ ರುಮಟಾಲಜಿ (ಕೀಲು ಮತ್ತು ರಕ್ಷಣಾ ವ್ಯವಸ್ಥೆಯ ಕಾಯಿಲೆಗಳ) ವಿಭಾಗಕ್ಕೂ ಮಕ್ಕಳ ಐಸಿಯುಗೂ ಐದಕ್ಕೆ ಐದು ಅಂಕ ಕೊಡುತ್ತೇನೆ. ಬಿಲ್ಲಿನ ಕೌಂಟರಿಗೆ ಎರಡು. ಅಮ್ಮಂದಿರು ರಾತ್ರಿ ಕಳೆಯಲು ಮಾಡಿರುವ ವ್ಯವಸ್ಥೆಗೆ ಒಂದು.

ನನ್ನ ಮೂರು ವರ್ಷದ ಮಗಳಿಗೆ ಬಂದದ್ದು ಕವಾಸಾಕಿ ಕಾಯಿಲೆ. ಮಕ್ಕಳ ರಕ್ತನಾಳಗಳ ಗೋಡೆಯಲ್ಲಿ ಉರಿಯೂತ ತರುವ ಕಾಯಿಲೆ ಅದು. ಹೃದಯಕ್ಕೆ ರಕ್ತ ಒಯ್ಯುವ ಕೊರೋನರಿ ನಾಳಗಳನ್ನು ಹುಡುಕಿಕೊಂಡು ಹೋಗಿ ಹಿಗ್ಗಿಸುತ್ತದೆ. ಅದರ ಚಿಕಿತ್ಸೆ ಮುಗಿಯಿತು ಎನ್ನುವಷ್ಟರಲ್ಲಿ ಮ್ಯಾಕ್ರೋಫೇಜ್ ಆಕ್ಟಿವೇಷನ್ ಸಿಂಡ್ರೋಮ್ ಬೆನ್ನು ಹತ್ತಿತು. ದೇಹದ ರಕ್ಷಣಾ ವ್ಯವಸ್ಥೆಯೇ ಮಿತಿ ಮೀರಿ ಕೆರಳುವ ತೊಂದರೆ ಅದು. ವೈದ್ಯರು ಚಿಕ್ಕದಾಗಿ ಮ್ಯಾಸ್ ಎನ್ನುತ್ತಾರೆ. ಕವಾಸಾಕಿ ಬಂದ ಮಕ್ಕಳಲ್ಲಿ ಇದು ಅಪರೂಪ, ಆದರೆ ಬಂದಾಗ ಗುರುತಿಸದೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಈ ಆಸ್ಪತ್ರೆಯವರು ಅದನ್ನು ಬೇಗ ಗುರುತಿಸಿದರು. ಇಷ್ಟು ಉದ್ದ ಬರೆಯಲು ಅದೇ ಕಾರಣ.

ನಮ್ಮದು ತಿಪಟೂರಿನ ಕಡೆಯ ಹಳ್ಳಿ. ನಾನು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಮನೆಯವರು ತುಮಕೂರಿನಲ್ಲಿ ಒಂದು ಕಾರ್ಖಾನೆಯಲ್ಲಿದ್ದಾರೆ. ಮಗಳಿಗೆ ಜ್ವರ ಬಂದದ್ದು ಮಳೆಗಾಲ ಹಿಡಿದಾಗ. 103 ಡಿಗ್ರಿ, ಪ್ಯಾರಾಸಿಟಮಾಲ್ ಕೊಟ್ಟರೆ ಒಂದು ಗಳಿಗೆ ಇಳಿದು ಮತ್ತೆ ಏರುತ್ತಿತ್ತು. ಮೈಮೇಲೆ ಕೆಂಪು ಗಂಧೆಗಳು ಎದ್ದಾಗ ಅತ್ತೆ ದಡಾರ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಪಟ್ಟಣದ ನರ್ಸಿಂಗ್ ಹೋಮಿನಲ್ಲಿ ಡೆಂಗ್ಯೂ ಇರಬಹುದೆಂದು ರಕ್ತ ಪರೀಕ್ಷೆ ಮಾಡಿದರು. ಡೆಂಗ್ಯೂ ಇಲ್ಲ ಎಂದು ಬಂತು, ಆಂಟಿಬಯೋಟಿಕ್ ಕೊಟ್ಟರು. ಕಣ್ಣುಗಳು ಕೆಂಪಾಗಿದ್ದವು, ಆದರೆ ಪಿಸುರು ಇರಲಿಲ್ಲ. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಅಂಗೈ, ಅಂಗಾಲು ಊದಿಕೊಂಡು ಚಪ್ಪಲಿ ಹಾಕಲು ಆಗುತ್ತಿರಲಿಲ್ಲ. ಇವೆಲ್ಲ ಒಟ್ಟಿಗೆ ಬರಲಿಲ್ಲ. ಒಂದು ಬಂದು ಮಾಯವಾದ ಮೇಲೆ ಇನ್ನೊಂದು ಬರುತ್ತಿತ್ತು. ಹಾಗಾಗಿ ಒಂದೇ ಹೊತ್ತಿನಲ್ಲಿ ನೋಡಿದವರಿಗೆ ಪೂರ್ತಿ ಚಿತ್ರ ಕಾಣುವುದು ಕಷ್ಟ. ನರ್ಸಿಂಗ್ ಹೋಮಿನ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಜ್ವರ ಐದು ದಿನ ದಾಟಿದಾಗ "ಇದು ನನ್ನ ಕೈ ಮೀರಿದ್ದು, ಹೃದಯದ ಎಕೋ ಸ್ಕ್ಯಾನ್ ಇರುವ ದೊಡ್ಡ ಮಕ್ಕಳ ಆಸ್ಪತ್ರೆಗೆ ಈಗಲೇ ಹೊರಡಿ" ಎಂದು ಚೀಟಿ ಬರೆದುಕೊಟ್ಟವರು ಅವರೇ.

ಬೆಂಗಳೂರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಡಿದ ಕಿರಿಯ ವೈದ್ಯರು ಮೊದಲು ಕೇಳಿದ್ದು ನಾನು ಎದುರುನೋಡದ ಪ್ರಶ್ನೆ: "ಹುಟ್ಟಿದಾಗ ಬಿಸಿಜಿ ಲಸಿಕೆ ಯಾವ ತೋಳಿಗೆ ಹಾಕಿದ್ದಾರೆ ಅಮ್ಮಾ?" ಕ್ಷಯರೋಗ ತಡೆಯುವ ಆ ಲಸಿಕೆಯ ಎಡತೋಳಿನ ಹಳೆಯ ಗುರುತು ಕೆಂಪಾಗಿ ಗಟ್ಟಿಯಾಗಿತ್ತು. ನಾನದನ್ನು ಸೊಳ್ಳೆ ಕಚ್ಚಿದ್ದು ಅಂದುಕೊಂಡಿದ್ದೆ. ಕವಾಸಾಕಿಯಲ್ಲಿ ಬಿಸಿಜಿ ಗುರುತು ಹೀಗೆ ಕೆರಳುತ್ತದಂತೆ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಈ ಲಸಿಕೆ ಹಾಕುವುದರಿಂದ ಇದು ಕೈಗೆ ಸಿಗುವ ಒಳ್ಳೆಯ ಸುಳಿವು. ತಂದೆತಾಯಂದಿರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಜೊತೆಗೆ, ಕವಾಸಾಕಿಯನ್ನೇ ಹೋಲುವ ಉರಿಯೂತ ಕೋವಿಡ್ ಆದ ಮೇಲೂ ಮಕ್ಕಳಿಗೆ ಬರುತ್ತದೆಂದು ಮನೆಯಲ್ಲಿ ಯಾರಿಗಾದರೂ ಕೋವಿಡ್ ಆಗಿತ್ತೇ ಎಂದು ವಿಚಾರಿಸಿದರು.

ಎಕೋ ಮಾಡಿಸುವಾಗ ನನ್ನ ಮೊದಲ ದೂರು ಹುಟ್ಟಿತು. ಮಗು ಅಲುಗಾಡಬಾರದೆಂದು ಮಂಪರಿನ ಔಷಧಿ ಕೊಡುತ್ತಾರೆ, ಅದಕ್ಕಾಗಿ ಹೊಟ್ಟೆ ಖಾಲಿ ಇಡಬೇಕು. ಬೆಳಿಗ್ಗೆಯಿಂದ ಹಾಲು, ನೀರು ಕೊಡದೆ ಕಾದೆವು. ಸರದಿ ಬಂದದ್ದು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ಜ್ವರದಲ್ಲಿ ಬಾಯಿ ಒಣಗಿದ ಮಗುವನ್ನು ಹಾಗೆ ಕಾಯಿಸುವುದು ತಪ್ಪು. ಜ್ವರವಿರುವ ಮಕ್ಕಳನ್ನು ಮೊದಲು ಕರೆಯಬೇಕೆಂಬ ಒಂದು ನಿಯಮ ಮಾಡಲು ಖರ್ಚೇನೂ ಇಲ್ಲ. ಆದರೆ ಎಕೋ ಮಾಡಿದ ವೈದ್ಯರು ಅವಸರ ಮಾಡಲಿಲ್ಲ. ಎಡಬದಿಯ ಕೊರೋನರಿ ನಾಳ ಸ್ವಲ್ಪ ಹಿಗ್ಗಿದೆ, ಝಡ್ ಸ್ಕೋರ್ 2.3 ಎಂದು ಪರದೆಯ ಮೇಲೆ ತೋರಿಸಿ ಹೇಳಿದರು. ಮಗುವಿನ ಎತ್ತರ, ತೂಕಕ್ಕೆ ನಾಳ ಎಷ್ಟು ಅಗಲ ಇರಬೇಕೋ ಅದಕ್ಕಿಂತ ಎಷ್ಟು ದೂರ ಹೋಗಿದೆ ಎನ್ನುವ ಲೆಕ್ಕ ಅದು. 2ರ ಒಳಗಿದ್ದರೆ ಸರಿ, 2.5 ಮುಟ್ಟಿದರೆ ಅದನ್ನು ಅನ್ಯೂರಿಸಂ, ಅಂದರೆ ನಾಳದ ಉಬ್ಬು, ಎನ್ನುತ್ತಾರೆ.

ಚಿಕಿತ್ಸೆ ಎಂದರೆ ಇಮ್ಯುನೊಗ್ಲಾಬ್ಯುಲಿನ್. ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳ ದ್ರವ. ಮಗುವಿನ ಪ್ರತಿ ಕಿಲೋ ತೂಕಕ್ಕೆ 2 ಗ್ರಾಂ. ಮಗಳ ತೂಕ 13 ಕಿಲೋ, ಅಂದರೆ 26 ಗ್ರಾಂ. 5 ಗ್ರಾಮಿನ ಐದು ಬಾಟಲಿ, 1 ಗ್ರಾಮಿನದು ಒಂದು. ದೊಡ್ಡ ಬಾಟಲಿ ಒಂದೊಂದಕ್ಕೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು. ಜ್ವರ ಬಂದ ಹತ್ತು ದಿನದೊಳಗೆ ಇದು ಸಿಕ್ಕರೆ ಕೊರೋನರಿ ನಾಳ ಊದಿಕೊಳ್ಳುವ ಅಪಾಯ ನೂರರಲ್ಲಿ 25ರಿಂದ 5ರ ಆಸುಪಾಸಿಗೆ ಇಳಿಯುತ್ತದೆ. ಇಂಥ ಔಷಧಿಯನ್ನು ಮುಂಗಡ ಹಣ ಕಟ್ಟಿದ ರಸೀದಿ ಬರುವವರೆಗೆ ಫಾರ್ಮಸಿಯ ಕಿಟಕಿಯಿಂದ ಹೊರಗೆ ಬಿಡಲಿಲ್ಲ. ವಿಮೆಯ ಒಪ್ಪಿಗೆ ಬಂದಿರಲಿಲ್ಲ. ನಮ್ಮ ಮನೆಯವರು ಕೌಂಟರಿನಿಂದ ಕೌಂಟರಿಗೆ ಅಲೆದರು. ಕೊನೆಗೆ ಐಸಿಯುವಿನ ಹಿರಿಯ ವೈದ್ಯರೇ ಫೋನ್ ಮಾಡಿ "ಬಾಟಲಿ ಮೇಲೆ ಕಳಿಸಿ, ಸಹಿ ನಾನು ಹಾಕುತ್ತೇನೆ" ಎಂದರು. ಒಬ್ಬ ವೈದ್ಯರ ಒಳ್ಳೆಯತನದ ಮೇಲೆ ನಿಲ್ಲಬೇಕಾದ ವಿಷಯ ಇದಲ್ಲ. ಆಸ್ಪತ್ರೆಯ ಆಡಳಿತದವರು ಇದನ್ನು ಓದಿದರೆ ದಯವಿಟ್ಟು ಈ ಪದ್ಧತಿಯನ್ನು ಬದಲಿಸಿ.

ದ್ರವ ಹನಿಹನಿಯಾಗಿ ಹನ್ನೆರಡು ತಾಸು ಇಳಿಯಿತು. ಮೊದಲ ತಾಸು ಸಿಸ್ಟರ್ ಪಕ್ಕದಿಂದ ಕದಲಲಿಲ್ಲ. ಮುಗಿದ ಹೊತ್ತನ್ನು ಹಾಸಿಗೆಯ ತಲೆಯ ಕಡೆಯ ಬಿಳಿ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ರಾತ್ರಿ 11.20. ಅದರ ಕೆಳಗೆ 36 ಗಂಟೆ ಕೂಡಿಸಿ ಇನ್ನೊಂದು ಹೊತ್ತು. ಇಮ್ಯುನೊಗ್ಲಾಬ್ಯುಲಿನ್ ಮುಗಿದು 36 ಗಂಟೆಯಾದ ಮೇಲೂ ಜ್ವರ ಉಳಿದರೆ ಅಥವಾ ಮರಳಿದರೆ ಔಷಧಿಗೆ ಕಾಯಿಲೆ ಬಗ್ಗಿಲ್ಲ ಎಂದರ್ಥ, ಸುಮ್ಮನೆ ಕಾಯಬಾರದು ಎಂದು ವಿವರಿಸಿದರು. ಈ ಹಲಗೆಯ ಪದ್ಧತಿ ನನಗೆ ಬಹಳ ಹಿಡಿಸಿತು. ಪಾಳಿ ಬದಲಾದಾಗ ಬರುವ ಹೊಸ ಸಿಸ್ಟರ್, ಹೊಸ ವೈದ್ಯರು, ಪಕ್ಕದಲ್ಲಿ ಕುಳಿತ ತಾಯಿ, ಎಲ್ಲರ ಕಣ್ಣಿಗೂ ಒಂದೇ ಗಡುವು ಬೀಳುತ್ತಿತ್ತು.

ಜ್ವರ ಬಿಟ್ಟಿತು. ಮಗಳು ಎದ್ದು ಕುಳಿತು ಮೊಸರನ್ನ ಕೇಳಿದಳು. ಹಲಗೆಯ ಗಡುವು ದಾಟಿ ಸ್ವಲ್ಪ ಹೊತ್ತಿಗೆ ಮೈ ಮತ್ತೆ ಕಾಯತೊಡಗಿತು.

ಆವತ್ತಿನ ರಕ್ತದ ವರದಿಯಲ್ಲಿ, ಕೆಂಪು ರಕ್ತಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂದು ಅಳೆಯುವ ಇಎಸ್‌ಆರ್ 88ರಿಂದ 22ಕ್ಕೆ ಇಳಿದಿತ್ತು. ಉರಿಯೂತ ಹೆಚ್ಚಿದ್ದಾಗ ಇಎಸ್‌ಆರ್ ಏರುತ್ತದೆಂದು ಎಲ್ಲರೂ ಹೇಳಿದ್ದರಿಂದ ನನಗೆ ಜೀವ ಬಂದಂತಾಯಿತು. ಮೆಡಿಕಲ್ ಸ್ಟೋರ್ ನಡೆಸುವ ನನ್ನ ತಮ್ಮನೂ ಫೋನಿನಲ್ಲಿ "ಅಕ್ಕಾ, ಇಳಿದಿದೆ, ಒಳ್ಳೆಯದೇ" ಎಂದ. ಪ್ಲೇಟ್‌ಲೆಟ್ 3.1 ಲಕ್ಷದಿಂದ 1.2 ಲಕ್ಷಕ್ಕೆ ಬಂದಿದ್ದನ್ನು ನೋಡಿ ಡೆಂಗ್ಯೂ ಇದ್ದೇ ಇದೆ, ಪರಂಗಿ ಎಲೆಯ ರಸ ಕೊಡಿ ಎಂದು ಊರಿನಿಂದ ಫೋನುಗಳು ಬಂದವು. ನಮ್ಮ ಕಡೆ ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದರೆ ಜನರಿಗೆ ತೋಚುವುದು ಅದೊಂದೇ ಕಾಯಿಲೆ.

ರುಮಟಾಲಜಿಯ ಡಾಕ್ಟರಮ್ಮ ಬಂದವರು ವರದಿ ನೋಡಿ ಮುಖ ಗಂಭೀರ ಮಾಡಿದರು. ಮಗಳ ಹೊಟ್ಟೆಯನ್ನು ಮುಟ್ಟಿ ನೋಡಿ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ ಎಂದರು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕುಳಿತು, ಲ್ಯಾಬಿನ ಕಾಗದದ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಕನ್ನಡದಲ್ಲಿ ಹೇಳಿದರು. ಕವಾಸಾಕಿಯ ಎರಡನೆಯ ವಾರದಲ್ಲಿ ಪ್ಲೇಟ್‌ಲೆಟ್ ಮೇಲೆ ಹೋಗಬೇಕು, ನಿಮ್ಮ ಮಗಳದು ಕೆಳಗೆ ಬರುತ್ತಿದೆ. ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ ಆ ಔಷಧಿಯ ಕಾರಣದಿಂದಲೇ ಇಎಸ್‌ಆರ್ ಏರಿರಬೇಕು, ಇದು ಬಿದ್ದಿದೆ. ಸಿಆರ್‌ಪಿ ಎಂಬ ಉರಿಯೂತದ ಇನ್ನೊಂದು ಅಳತೆ ಮಾತ್ರ ಇನ್ನೂ ಮೇಲೆಯೇ ಇದೆ. ಉರಿಯೂತ ನಿಂತಿದ್ದರೆ ಮೊದಲು ಇಳಿಯಬೇಕಿದ್ದದ್ದು ಸಿಆರ್‌ಪಿ. ಸಿಆರ್‌ಪಿ ಮೇಲೆಯೇ ಉಳಿದು ಇಎಸ್‌ಆರ್ ಮಾತ್ರ ಬಿದ್ದಿದೆ ಎಂದರೆ ರಕ್ತ ಹೆಪ್ಪುಗಟ್ಟಿಸುವ, ಇಎಸ್‌ಆರ್ ಏರಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಖರ್ಚಾಗುತ್ತಿದೆ.

ನನಗೆ ಇದು ತಕ್ಷಣ ಅರ್ಥವಾಯಿತು. ಸಂಘದಲ್ಲಿ ದಿನಾ ಹಾಲು ಅಳೆಯುವವಳು ನಾನು. ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಹದವಾಗಿ ಮಾಡಿದ ಹಾಲಿನಲ್ಲಿ ಅದು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಜಿಡ್ಡಿನ ಅಂಕಿಯನ್ನು ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ನಿಜ ಸಿಗುತ್ತದೆ. ಡಾಕ್ಟರಮ್ಮ ಮಾಡಿದ್ದೂ ಅದೇ ಕೆಲಸ. ಒಂದೊಂದು ಅಂಕಿಯನ್ನೂ ಅದರ ಜೊತೆಯವುಗಳ ಪಕ್ಕದಲ್ಲಿಟ್ಟು, ನಿನ್ನೆಯದನ್ನು ಇವತ್ತಿನದರ ಪಕ್ಕದಲ್ಲಿಟ್ಟು ಓದಿದರು.

ಸಂಜೆಗೆ ಫೆರಿಟಿನ್ ವರದಿ ಬಂತು. ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಅದು, ಮ್ಯಾಸ್‌ನಲ್ಲಿ ಬಹಳ ಏರುತ್ತದೆ. 6,000 ದಾಟಿತ್ತು. ಆ ಲ್ಯಾಬಿನ ಕಾಗದದಲ್ಲಿ ಮಕ್ಕಳಿಗೆ ಸಹಜ ಎಂದು ಅಚ್ಚಾಗಿದ್ದ ಮಿತಿ 150ಕ್ಕಿಂತ ಕಡಿಮೆ. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರಿತ್ತು, ಯಕೃತ್ತಿನ ಕಿಣ್ವಗಳು ಏರಿದ್ದವು, ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ರಾತ್ರಿಯೇ ಐಸಿಯುವಿಗೆ ಸಾಗಿಸಿದರು.

ಮ್ಯಾಕ್ರೋಫೇಜ್ ಎಂದರೆ ರೋಗಾಣುಗಳನ್ನೂ ಸತ್ತ ಕಣಗಳನ್ನೂ ನುಂಗಿ ಚೊಕ್ಕಟ ಮಾಡುವ ಜೀವಕೋಶ. ಮ್ಯಾಸ್‌ನಲ್ಲಿ ಅವೂ ಟಿ ಕಣಗಳೆಂಬ ಬಿಳಿ ರಕ್ತಕಣಗಳೂ ಒಂದನ್ನೊಂದು ಕೆಣಕುತ್ತಾ ಹೋಗುತ್ತವೆ, ನಿಲ್ಲಿಸುವ ಸೂಚನೆ ಕೆಲಸ ಮಾಡುವುದಿಲ್ಲ. ಸೈಟೊಕೈನ್ ಎಂಬ ರಾಸಾಯನಿಕಗಳು ಮೈತುಂಬ ಹರಿಯುತ್ತವೆ. ಮೂಳೆಯ ಮಜ್ಜೆಯಲ್ಲಿ, ಗುಲ್ಮದಲ್ಲಿ ಮ್ಯಾಕ್ರೋಫೇಜ್‌ಗಳು ದೇಹದ್ದೇ ಆದ ರಕ್ತಕಣಗಳನ್ನು ನುಂಗತೊಡಗುತ್ತವೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಡುತ್ತದೆ, ಯಕೃತ್ತು ಸೋಲುತ್ತದೆ. ಕಾಯಿಲೆ ಹೊರಗಿನಿಂದ ಬಂದ ಯಾವುದೋ ರೋಗಾಣುವಿನದಲ್ಲ, ಮಗುವಿನ ರಕ್ಷಣಾ ವ್ಯವಸ್ಥೆಯೇ ಮಿತಿ ಮೀರಿದೆ ಎಂದು ನನಗೆ ಅರ್ಥ ಮಾಡಿಸಲು ಐಸಿಯುವಿನ ವೈದ್ಯರು ಆ ರಾತ್ರಿ ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಉತ್ತರ ಕೊಟ್ಟರು.

ಅವರು ಬೇರೆ ದಾರಿಗಳನ್ನೂ ಮುಚ್ಚಲಿಲ್ಲ. ಡೆಂಗ್ಯೂ, ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎರಡೂ ಮಳೆಗಾಲದಲ್ಲಿ ನಮ್ಮ ಭಾಗದಲ್ಲಿ ಇರುವಂಥವು. ಅವೂ ಇದೇ ರೀತಿ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಬಲ್ಲವು ಎಂದು ಮತ್ತೆ ಪರೀಕ್ಷಿಸಿದರು. ಇಲ್ಲ ಎಂದು ಬಂತು. ಮೂಳೆಮಜ್ಜೆಯ ಪರೀಕ್ಷೆಯ ಮಾತೂ ಬಂತು. ಶುರುವಿನಲ್ಲಿ ಮಜ್ಜೆಯಲ್ಲಿ ಏನೂ ಕಾಣದಿದ್ದರೂ ಮ್ಯಾಸ್ ಇರಬಹುದು, ಅದಕ್ಕಾಗಿ ಚಿಕಿತ್ಸೆಯನ್ನು ತಡೆಹಿಡಿಯುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದರು. ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಕಿಲೋಗೆ 30 ಮಿಲಿಗ್ರಾಂ ಲೆಕ್ಕದಲ್ಲಿ 390 ಮಿಲಿಗ್ರಾಂ, ದಿನಕ್ಕೊಮ್ಮೆ ಮೂರು ದಿನ ರಕ್ತನಾಳಕ್ಕೆ ಕೊಟ್ಟರು. ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೋರಿನ್, ಆಮೇಲೆ ಅನಾಕಿನ್ರಾ ಎಂಬ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿಗಳು ಎಂದು ಮುಂದಿನ ಮೆಟ್ಟಿಲುಗಳನ್ನೂ ಮೊದಲೇ ಹೇಳಿಟ್ಟರು. ಪ್ಲೇಟ್‌ಲೆಟ್ ಕಡಿಮೆ ಇರುವಾಗ ರಕ್ತಸ್ರಾವದ ಭಯವಿದೆ ಎಂದು ಕವಾಸಾಕಿಗಾಗಿ ಕೊಡುತ್ತಿದ್ದ ಆಸ್ಪಿರಿನ್ ನಿಲ್ಲಿಸಿದರು. ರಕ್ತದೊತ್ತಡ, ಸಕ್ಕರೆಯನ್ನು ರಾತ್ರಿಯಿಡೀ ನೋಡುತ್ತಿದ್ದರು.

ಎರಡನೆಯ ಡೋಸಿನ ಹೊತ್ತಿಗೆ ಜ್ವರ ಹೋಯಿತು. ಮತ್ತೆ ಬರಲಿಲ್ಲ. ಪ್ಲೇಟ್‌ಲೆಟ್ ಮೆಲ್ಲಗೆ ಏರಿತು, ಫೆರಿಟಿನ್ ಇಳಿಯಿತು. ಈ ಸಲ ಇಎಸ್‌ಆರ್ ಮೇಲೆ ಹೋದಾಗ ಡಾಕ್ಟರಮ್ಮ ನಕ್ಕರು. "ಈಗ ಫೈಬ್ರಿನೋಜೆನ್ ಮರಳುತ್ತಿದೆ ಅಮ್ಮಾ" ಎಂದರು. ಸೈಕ್ಲೋಸ್ಪೋರಿನ್ ಬೇಕಾಗಲಿಲ್ಲ.

ಐಸಿಯುವಿನ ಒಳಗಿನ ಜನ ಹೀಗಿದ್ದರೆ ಹೊರಗಿನ ವ್ಯವಸ್ಥೆ ಬಹಳ ಸಣ್ಣದು. ತಾಯಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಹೊರಗಿನ ಕೋಣೆಯಲ್ಲಿ ಅತ್ತೆ ನೆಲದ ಮೇಲೆ ಮಲಗಿದರು; ಹೊದಿಕೆ ಕೇಳಿದರೆ ಸೆಕ್ಯುರಿಟಿಯವರನ್ನು ಕೇಳಿ ಎಂದರು, ಸೆಕ್ಯುರಿಟಿಯವರು ರಿಸೆಪ್ಷನ್ ಕಡೆ ಕೈ ತೋರಿಸಿದರು. ದೂರದ ಊರುಗಳಿಂದ ಬರುವವರೇ ಹೆಚ್ಚಿರುವ ಆಸ್ಪತ್ರೆಯಲ್ಲಿ ಹತ್ತು ಮಂಚಗಳ ಒಂದು ಕೋಣೆ ಮಾಡಿ ಬಾಡಿಗೆ ಪಡೆಯಲಿ, ಕೊಡುತ್ತೇವೆ. ಕ್ಯಾಂಟೀನಿನ ಇಡ್ಲಿ ಚೆನ್ನಾಗಿದೆ, ಬೆಳಿಗ್ಗೆ ಆರೂವರೆಗೇ ಸಿಗುತ್ತದೆ. ರಾತ್ರಿ ಹತ್ತರ ನಂತರ ಬಿಸಿನೀರೂ ಸಿಗುವುದಿಲ್ಲ.

ಸಿಸ್ಟರ್‌ಗಳಲ್ಲಿ ಅನೇಕರು ಕೇರಳದವರು. ಕನ್ನಡ ತಡವರಿಸಿದರೂ ಆಡಲು ಪ್ರಯತ್ನಿಸುತ್ತಿದ್ದರು. ಮಗಳ ಕೈಯಲ್ಲಿ ಸೂಜಿಗೆ ನರ ಸಿಗದಾಗ ಒಬ್ಬ ಸಿಸ್ಟರ್ "ನಾನು ಎರಡು ಸಲ ನೋಡುತ್ತೇನೆ, ಆಗದಿದ್ದರೆ ಬೇರೆಯವರನ್ನು ಕರೆಯುತ್ತೇನೆ" ಎಂದು ಮೊದಲೇ ಹೇಳಿ ಹಾಗೆಯೇ ನಡೆದುಕೊಂಡರು. ಇಂಥ ಮಾತು ತಾಯಿಯ ಎದೆಗೆ ಎಷ್ಟು ಬಲ ಕೊಡುತ್ತದೆಂದು ಅವರಿಗೆ ಗೊತ್ತಿರಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಬಿಡುಗಡೆಯ ಸಾರಾಂಶ ಪೂರ್ತಿ ಇಂಗ್ಲಿಷಿನಲ್ಲಿತ್ತು. ಪ್ರೆಡ್ನಿಸೊಲೋನ್ ಸಿರಪ್ಪನ್ನು ವಾರವಾರ ಇಳಿಸುತ್ತಾ ಹೋಗಬೇಕು, ಥಟ್ಟನೆ ನಿಲ್ಲಿಸಬಾರದು. ಇಷ್ಟು ಮುಖ್ಯವಾದ ಪಟ್ಟಿಯನ್ನು ಮನೆಯಲ್ಲಿ ಔಷಧಿ ಹಾಕುವ ಅತ್ತೆ ಓದಲಾರರು. ಕೇಳಿದಾಗ ಫಾರ್ಮಸಿಯ ಹುಡುಗ ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟ, ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು ಎಂದು. ಅವನ ಅಕ್ಷರ ಮುತ್ತಿನಂತಿತ್ತು. ಆದರೆ ಕೇಳದವರಿಗೆ ಆ ಹಾಳೆ ಸಿಗುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಜ್ವರದ ಏರಿಳಿತವನ್ನು ಹೊತ್ತಿನ ಸಮೇತ ಬರೆದುಕೊಂಡು ಹೋಗಿ. ಬಂದು ಮಾಯವಾಗುವ ಗಂಧೆ, ಕೆಂಪು ಕಣ್ಣುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಮ್ಮ ಡಾಕ್ಟರಮ್ಮ ಆ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಖಾಸಗಿ ಆಸ್ಪತ್ರೆಯ ಖರ್ಚು ಆಗದವರು ಬೆಂಗಳೂರಿನಲ್ಲಿ ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಬಹುದು. ಎಲ್ಲಿಗೆ ಹೋದರೂ ಎಕೋ, ಐಸಿಯು, ಇಮ್ಯುನೊಗ್ಲಾಬ್ಯುಲಿನ್ ಮೂರೂ ಒಂದೇ ಕಡೆ ಇವೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಈ ಕಾಯಿಲೆಯ ಮೊದಲ ಮಗುವನ್ನು ಟೋಕಿಯೊದಲ್ಲಿ ತೊಮಿಸಾಕು ಕವಾಸಾಕಿ ಎಂಬ ಮಕ್ಕಳ ವೈದ್ಯರು ನೋಡಿದ್ದು 1961ರಲ್ಲಿ. 50 ಮಕ್ಕಳ ವಿವರ ಸೇರಿಸಿ ಅವರು ಬರೆದದ್ದು 1967ರಲ್ಲಿ. ಇಷ್ಟು ವರ್ಷ ಕಳೆದರೂ ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಕಣ್ಣಾರೆ ನೋಡಿ, ಲಕ್ಷಣಗಳನ್ನು ಕೂಡಿಸಿ ಹೇಳುವ ವೈದ್ಯರೇ ಇಲ್ಲಿ ಎಲ್ಲಕ್ಕಿಂತ ದೊಡ್ಡವರು.

ಮನೆಗೆ ಬಂದ ಮೇಲೆ ಬೆರಳ ತುದಿಗಳ ಚರ್ಮ ಸುಲಿಯಿತು. ಹೆದರಬೇಡಿ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಸ್ಟೀರಾಯ್ಡಿನ ಹಸಿವು ಎಂಥದ್ದೆಂದರೆ ಮಗಳು ನಡುರಾತ್ರಿ ಎದ್ದು ಅವಲಕ್ಕಿ ಕೇಳುತ್ತಿದ್ದಳು. ಕೆನ್ನೆಗಳು ಉಬ್ಬಿದ್ದವು, ಔಷಧಿ ಇಳಿದಂತೆ ಇಳಿದವು. ಪ್ಲೇಟ್‌ಲೆಟ್ ಸರಿಯಾದ ಮೇಲೆ ಆಸ್ಪಿರಿನ್ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುವಾಯಿತು. ಆರನೆಯ ವಾರದ ಎಕೋದಲ್ಲಿ ಕೊರೋನರಿ ನಾಳ ಸಹಜ ಅಳತೆಗೆ ಬಂದಿತ್ತು. ಈ ಸಲ ಬೆಳಿಗ್ಗೆ ಎಂಟಕ್ಕೆ ಸಮಯ ಕೊಟ್ಟು ಎಂಟೂ ಕಾಲಿಗೇ ಕರೆದರು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಮತ್ತು ಸಿತಾಳೆ ಸಿಡುಬಿನ ಲಸಿಕೆಗಳನ್ನು ಹನ್ನೊಂದು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಇಮ್ಯುನೊಗ್ಲಾಬ್ಯುಲಿನ್ ಮೈಯಲ್ಲಿರುವಾಗ ಅವು ಹಿಡಿಯುವುದಿಲ್ಲ.

ಆ ಎಕೋ ಆಗುವುದಕ್ಕೆ ಮೊದಲು, ಆಸ್ಪಿರಿನ್ ಇನ್ನೂ ನಡೆಯುತ್ತಿದ್ದಾಗ, ಪಕ್ಕದ ಮನೆಯ ಹುಡುಗನಿಗೆ ಸಿತಾಳೆ ಸಿಡುಬು ಎದ್ದಿತು. ಸಾರಾಂಶದ ಕೆಳಗೆ ಕೊಟ್ಟಿದ್ದ ವಿಭಾಗದ ಫೋನಿಗೆ ರಾತ್ರಿ ಒಂಬತ್ತರ ಮೇಲೆ ಕರೆ ಮಾಡಿದೆ. ಎತ್ತಿದರು. ಮಗಳ ಫೈಲ್ ತೆಗೆಸಿ ನೋಡಿದ ಕಿರಿಯ ವೈದ್ಯರು, ಆಸ್ಪಿರಿನ್ ತೆಗೆದುಕೊಳ್ಳುವ ಮಕ್ಕಳಿಗೆ ಸಿತಾಳೆ ಸಿಡುಬು, ಫ್ಲೂ ಬಂದರೆ ರೈ ಸಿಂಡ್ರೋಮ್ ಎಂಬ ಯಕೃತ್ತು ಮತ್ತು ಮೆದುಳಿನ ತೊಂದರೆಯ ಅಪಾಯವಿದೆ, ಸ್ಟೀರಾಯ್ಡ್ ಕೂಡ ನಡೆಯುತ್ತಿರುವುದರಿಂದ ಇನ್ನಷ್ಟು ಎಚ್ಚರ ಬೇಕು, ಹಿರಿಯರನ್ನು ಕೇಳಿ ನಾನೇ ಮರಳಿ ಫೋನ್ ಮಾಡುತ್ತೇನೆ ಎಂದರು. ಅರ್ಧ ಗಂಟೆಯೊಳಗೆ ಮಾಡಿದರು. ಬೆಳಿಗ್ಗೆ ಆಸ್ಪಿರಿನ್ ಕೊಡಬೇಡಿ, ಸ್ಟೀರಾಯ್ಡ್ ನಿಲ್ಲಿಸಬೇಡಿ, ಮಗಳನ್ನು ಆ ಮನೆಯ ಕಡೆ ಬಿಡಬೇಡಿ, ನಾಳೆ ಹೊರರೋಗಿ ವಿಭಾಗಕ್ಕೆ ಬನ್ನಿ, ಟೋಕನ್ ತೆಗೆಯುವ ಅಗತ್ಯವಿಲ್ಲ, ಪಕ್ಕದ ಬಾಗಿಲಿನಿಂದ ಬಂದರೆ ಕಾಯುವ ಉಳಿದ ಮಕ್ಕಳಿಗೂ ಕ್ಷೇಮ ಎಂದು ಒಂದೊಂದಾಗಿ ಹೇಳಿ, ನನ್ನಿಂದ ಒಮ್ಮೆ ತಿರುಗಿ ಹೇಳಿಸಿಕೊಂಡು ಫೋನ್ ಇಟ್ಟರು.